ಒಂದನೇ ನಂಬರಿನ ಇಬ್ಬರು

ನಮ್ಮ ಭಾವನವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕೆಂದು ಅಕ್ಕ ನನ್ನ ಕೈಯಲ್ಲಿ ಎಷ್ಟೋ ಸಲ ಆಣೆ ಮಾಡಿಸಿಕೊಂಡಿದ್ದಾಳೆ. ಒಳ್ಳೆಯ ಮಾತು ಇಲ್ಲವೆಂದಲ್ಲ. ಅವರು ಕುಡಿಯುವುದಿಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ, ಉಂಡ ತಟ್ಟೆಯನ್ನು ತಾವೇ ತೊಳೆಯುತ್ತಾರೆ. ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಹೇಳದೆ ಹೋದರೆ ನನಗೆ ಅಜೀರ್ಣವಾಗುತ್ತದೆ.

ನಾನೂ ಭಾವನೂ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ನಾನು ಬಾಗಿಲ ಪಕ್ಕದ ಕೌಂಟರಿನಲ್ಲಿ ಕೂತು ಬಂದವರ ಹೆಸರು, ವಯಸ್ಸು, ಎಲ್ಲಿ ನೋವು ಎಂದು ಕೇಳಿ ಕಂಪ್ಯೂಟರಿಗೆ ತುಂಬಿ ಚೀಟಿ ಕೊಡುತ್ತೇನೆ. ಭಾವ ಆ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿಟ್ಟವರು. ನಾನು ತುಂಬಿದ್ದು ಡಾಕ್ಟರ ಮೇಜಿಗೆ ಹೋಗಬೇಕು, ಅವರು ಬರೆದದ್ದು ರಕ್ತಪರೀಕ್ಷೆಯ ಕೋಣೆಗೆ, ಅಲ್ಲಿನದು ಔಷಧದ ಕಿಟಕಿಗೆ. ಹೋಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ವಿಭಾಗ ಕೋಣೆ ಬದಲಿಸಿದರೆ, ಗೋಡೆ ಒಡೆದರೆ, ಹೊಸ ಮಹಡಿ ಎದ್ದರೆ ತಂತಿಯ ದಾರಿ ಬದಲಾಗುತ್ತದೆ. ಆಗ ಯಾವ ಯಂತ್ರ ಎಲ್ಲಿದೆ, ಅದನ್ನು ಯಾವ ಕಡೆಯಿಂದ ಮುಟ್ಟಬೇಕು ಎಂಬುದನ್ನೆಲ್ಲ ಹೊಸದಾಗಿ ಹೊಂದಿಸಬೇಕು. ಅವರ ಕೋಣೆ ಮೆಟ್ಟಿಲ ಕೆಳಗಿದೆ. ನೆಟ್ಟಗೆ ನಿಂತರೆ ತಲೆಗೆ ತಾಗುತ್ತದೆ, ಅದಕ್ಕೇ ಅವರಿಗೆ ಬಗ್ಗಿ ನಿಲ್ಲುವ ಅಭ್ಯಾಸ ಎಂದು ಅಕ್ಕ ಸಮರ್ಥಿಸಿಕೊಳ್ಳುತ್ತಾಳೆ. ದೊಡ್ಡ ಡಾಕ್ಟರ ಕೋಣೆಯ ಚಾವಣಿ ಎರಡಾಳು ಎತ್ತರವಿದೆ, ಅಲ್ಲಿಯೂ ಬಗ್ಗಿಯೇ ನಿಲ್ಲುತ್ತಾರಲ್ಲ ಎಂದರೆ ಮಾತು ಬದಲಿಸುತ್ತಾಳೆ.

ಬಗ್ಗುವುದಕ್ಕೆ ಕಾರಣವಿತ್ತು. ಭಾವ ತಾತ್ಕಾಲಿಕ ನೌಕರರು. ಅಕ್ಕನನ್ನು ನೋಡಲು ಬಂದ ದಿನವೇ ‘ಇನ್ನೇನು, ಖಾಯಂ ಆಗುತ್ತೆ’ ಎಂದಿದ್ದರು. ಅವರ ಮಗಳು ಹೈಸ್ಕೂಲಿಗೆ ಬಂದರೂ ಆ ‘ಇನ್ನೇನು’ ಮಾತ್ರ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಆಸ್ಪತ್ರೆಯ ಮುಖ್ಯಸ್ಥರು ಸಹಿ ಹಾಕಿದರೆ ಇನ್ನೊಂದು ವರ್ಷ ಕೆಲಸ, ಹಾಕದಿದ್ದರೆ ಮನೆ. ಹಾಗಾಗಿ ಆ ಮನೆಯಲ್ಲಿ ಎಲ್ಲವೂ ಖಾಯಮಾತಿಗೆ ಕಾಯುತ್ತಿತ್ತು. ಕಿಟಕಿಗೆ ಪರದೆ ಬೇಕೆ, ಇವರದು ಖಾಯಂ ಆಗಲಿ. ಮಗಳಿಗೆ ಸೈಕಲ್ ಬೇಕೆ, ಖಾಯಂ ಆಗಲಿ. ಅಕ್ಕನ ದವಡೆ ಹಲ್ಲೊಂದು ಹುಳುಕಾಗಿ ರಾತ್ರಿಯೆಲ್ಲ ಜುಮುಗುಡುತ್ತಿತ್ತು. ಅದಕ್ಕೂ ಖಾಯಂ ಆಗುವವರೆಗೆ ತಡೆದುಕೋ ಎಂದು ಹೇಳಲಾಗಿತ್ತು. ಹಲ್ಲು ಕೇಳಲಿಲ್ಲ, ಅಕ್ಕ ಕೇಳಿದಳು.

ಇನ್ನು ನಂಬರಿನ ವಿಷಯ. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಇರುತ್ತದೆ. ಬೀದಿಯಲ್ಲಿ ಮನೆಗೊಂದು ನಂಬರಿದ್ದ ಹಾಗೆ, ಹುಡುಕಿಕೊಂಡು ಬರುವವರಿಗೆ ಸಿಗಲಿ ಎಂದು, ಅಷ್ಟೇ. ಒಂದೇ ನಂಬರು ಎರಡು ಯಂತ್ರಕ್ಕೆ ಇರಬಾರದು ಎಂಬುದೊಂದು ಬಿಟ್ಟರೆ ಅದಕ್ಕೆ ಬೇರೆ ಯಾವ ಮಾನಮರ್ಯಾದೆಯೂ ಇಲ್ಲ. ಮೊದಮೊದಲು ಭಾವ ಕೈಗೆ ಬಂದ ನಂಬರನ್ನು ಕೈಗೆ ಸಿಕ್ಕ ಯಂತ್ರಕ್ಕೆ ಕೊಟ್ಟುಕೊಂಡು ಸುಖವಾಗಿದ್ದರು.

ಒಂದು ದಿನ ದೊಡ್ಡ ಡಾಕ್ಟರ ಕಂಪ್ಯೂಟರು ಕೆಟ್ಟಿತು. ದೊಡ್ಡ ಡಾಕ್ಟರು ಎಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು. ಆಳು ಕುಳ್ಳು, ಕುರ್ಚಿ ದೊಡ್ಡದು. ಭಾವ ಮೇಜಿನ ಕೆಳಗೆ ತೂರಿಕೊಂಡು, ಫೋನಿನಲ್ಲಿ ಯಾರಿಗೋ “ಎಂಬತ್ತಮೂರು ನೋಡಿ, ಎಂಬತ್ತಮೂರು” ಎನ್ನುತ್ತಿದ್ದರಂತೆ.

“ಏನ್ರೀ ಅದು ಎಂಬತ್ತಮೂರು?” ಎಂದು ಮೇಲಿನಿಂದ ದನಿ ಬಂತು.

“ತಮ್ಮ ನಂಬರು ಸರ್.”

“ಹಾಗಾದ್ರೆ ಒಂದು ಯಾರದು?”

“ಒಂದು ರೂಟರಿಂದು ಸರ್. ಹೊರಗಡೆ ಹೋಗೋ ದಾರಿ ತೋರಿಸೋ ಡಬ್ಬಿ ಇರುತ್ತಲ್ಲ, ಅದು.”

“ಉಗ್ರಾಣದವನದು?”

“ಏಳು ಸರ್.”

ದೊಡ್ಡ ಡಾಕ್ಟರ ಕಿವಿ ಕೆಂಪಗಾಯಿತಂತೆ. “ಡಬ್ಬಿಗೆ ಒಂದು. ಉಗ್ರಾಣದವನಿಗೆ ಏಳು. ನನಗೆ ಎಂಬತ್ತಮೂರು” ಎಂದು ಒಂದೊಂದೇ ಮಾತು ಎಣಿಸಿ ಹೇಳಿದರಂತೆ. ಬೆನ್ನುಮೂಳೆ ಇದ್ದ ಯಾರೇ ಆಗಲಿ ಅಲ್ಲೇ ನಕ್ಕು, ಸರ್, ಅದು ಮನೆ ನಂಬರಿದ್ದ ಹಾಗೆ ಎಂದು ಮುಗಿಸಿಬಿಡುತ್ತಿದ್ದರು. ಭಾವ ಮೇಜಿನ ಕೆಳಗಿನಿಂದಲೇ “ಈಗಲೇ ಸರಿ ಮಾಡ್ತೀನಿ ಸರ್” ಎಂದರು. ವರ್ಷದ ಸಹಿಗೆ ಇನ್ನು ಕೆಲವೇ ವಾರವಿತ್ತು.

ಸರಿ ಮಾಡುವ ಅವಸರದಲ್ಲಿ ಡಬ್ಬಿಯ ನಂಬರು ತೆಗೆಯುವುದನ್ನು ಮರೆತು ಡಾಕ್ಟರಿಗೆ ಒಂದನ್ನು ಕೊಟ್ಟುಬಿಟ್ಟರು. ಅಲ್ಲಿಗೆ ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಹೊರಗೆ ಹೋಗುವ ದಾರಿ ಯಾವುದೆಂದು ದೊಡ್ಡ ಡಾಕ್ಟರ ಕಂಪ್ಯೂಟರನ್ನು ಕೇಳತೊಡಗಿದವು. ಅದಕ್ಕೇನು ಗೊತ್ತು ದಾರಿ? ಅದರ ಯಜಮಾನರಿಗೇ ಗೊತ್ತಿಲ್ಲ. ಮಧ್ಯಾಹ್ನವೆಲ್ಲ ಆಸ್ಪತ್ರೆ ಗರ ಬಡಿದಂತೆ ನಿಂತಿತು. ನಾನು ಕೌಂಟರಿನಲ್ಲಿ ಕೈಬರಹದ ಚೀಟಿ ಕೊಡುತ್ತ ಸಿಕ್ಕಸಿಕ್ಕವರಿಂದ ಬೈಸಿಕೊಂಡೆ. ಸಂಜೆಗೆ ಭಾವ ಎಡವಟ್ಟು ಕಂಡುಹಿಡಿದು, ದಾರಿ ತೋರಿಸುವ ಡಬ್ಬಿಯನ್ನು ಎಲ್ಲರಿಗಿಂತ ಹಿಂದಿನ ನಂಬರಿಗೆ ದಬ್ಬಿದರು. ಡಾಕ್ಟರ ಕಂಪ್ಯೂಟರಿನ ಮೇಲೆ ‘೧’ ಎಂದು ದುಂಡಗೆ ಬರೆದ ಚೀಟಿ ಅಂಟಿತು. ಆ ವರ್ಷ ಸಹಿ ತಕರಾರಿಲ್ಲದೆ ಬಂತು. ಭಾವ ಪಾಠ ಕಲಿತರು, ಕಲಿಯಬಾರದ ಪಾಠವನ್ನು.

ಒಬ್ಬರಿಗೆ ಒಂದು ಸಿಕ್ಕ ಮೇಲೆ ಎರಡು ಯಾರದೆಂಬ ಪ್ರಶ್ನೆ ಸುಮ್ಮನಿರುತ್ತದೆಯೆ? ವಾರದೊಳಗೆ ಇಡೀ ಆಸ್ಪತ್ರೆಗೆ ಹಿರಿತನದ ಪ್ರಕಾರ ನಂಬರು ಬಿತ್ತು. ಒಬ್ಬರು ನಿವೃತ್ತರಾದರೆ ಅವರ ಕೆಳಗಿನವರೆಲ್ಲ ಒಂದೊಂದು ಮೇಲೆ ಸರಿಯಬೇಕು; ಭಾವ ಲ್ಯಾಪ್‌ಟಾಪು ಹೊತ್ತುಕೊಂಡು ಕೋಣೆಯಿಂದ ಕೋಣೆಗೆ ತಿರುಗಬೇಕು. ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರು ನರ್ಸುಗಳು ನಂಬರಿಗಾಗಿ ಮಾತು ಬಿಟ್ಟರು. ಏಳರಿಂದ ಅರವತ್ತರಾಚೆಗೆ ಬಿದ್ದ ಉಗ್ರಾಣದವನು, ಭಾವ ಏನು ಕೇಳಿದರೂ ‘ಸ್ಟಾಕ್ ಇಲ್ಲ’ ಎನ್ನತೊಡಗಿದ. ಅವನ ಬೆನ್ನ ಹಿಂದೆಯೇ ಕೇಬಲ್ ಸುರುಳಿಗಳು ಚಾವಣಿಯವರೆಗೆ ಪೇರಿಸಿರುತ್ತಿದ್ದವು. ಜನ ಭಾವನನ್ನು ನಂಬರಪ್ಪ ಎಂದು ಕರೆಯತೊಡಗಿದರು. ಎದುರಿಗೆ ಮಾತ್ರ ಬೆಣ್ಣೆ. ಬಡ್ತಿ ಬಂದವರು ಆಫೀಸಿನ ಆದೇಶ ಓದುವ ಮೊದಲೇ ಮೆಟ್ಟಿಲ ಕೆಳಗೆ ಬಗ್ಗಿ ಇಣುಕಿ, “ನಂದು ಎಷ್ಟಾಯ್ತು?” ಎಂದು ಕೇಳುತ್ತಿದ್ದರು. ತಮ್ಮ ಕೋಣೆಗೆ ಜನ ಬಗ್ಗಿ ಬರುವುದನ್ನು ನೋಡಿ ಭಾವನಿಗೆ ಒಳಗೊಳಗೇ ಖುಷಿ.

ರಸ್ತೆಯ ಆಚೆ ಬದಿಗೆ ಹೆರಿಗೆ ಆಸ್ಪತ್ರೆ ಇದೆ. ಅದು ಆಗ ಬೇರೆಯೇ ಸಂಸ್ಥೆ, ಅದರ ಮುಖ್ಯಸ್ಥೆ ಮೇಡಂ ಬೇರೆ. ಬಿಡುವಿನಲ್ಲಿ ಅಲ್ಲಿಯ ಜಾಲವನ್ನೂ ಭಾವನೇ ನೋಡಿಕೊಳ್ಳುತ್ತಿದ್ದರು. ಮೇಡಂ ಕತ್ತರಿ ಹಿಡಿದರೆ ಕೈ ನಡುಗದವರು, ಮಾತೂ ಹಾಗೆಯೇ. ದೊಡ್ಡ ಡಾಕ್ಟರ ‘೧’ರ ಸುದ್ದಿ ರಸ್ತೆ ದಾಟಿ ಅವರ ಕಿವಿಗೆ ಬಿದ್ದದ್ದೇ ತಡ, ಭಾವನಿಗೆ ಕರೆ ಬಂತು. “ನಮ್ಮಲ್ಲಿ ಒಂದು ಯಾರು?” ಎಂದು ಕೇಳಿದರಂತೆ. ಎರಡು ಜಾಲಗಳ ನಡುವೆ ತಂತಿಯ ಸಂಬಂಧವೇ ಇರಲಿಲ್ಲವಾದ್ದರಿಂದ ಭಾವ ಅಲ್ಲಿಯೂ ಒಂದು ‘೧’ ಅಂಟಿಸಿ ಬಂದರು. ರಸ್ತೆಯ ಈ ಬದಿಗೆ ಒಬ್ಬ ಒಂದನೆಯವರು, ಆ ಬದಿಗೆ ಇನ್ನೊಬ್ಬರು, ನಡುವೆ ಬಸ್ಸು ಲಾರಿ. ಎಲ್ಲರೂ ಕ್ಷೇಮವಾಗಿದ್ದರು.

ಆಮೇಲೆ ಪ್ರಧಾನ ಕಚೇರಿಯಿಂದ ಆದೇಶ ಬಂತು. ಎರಡೂ ಆಸ್ಪತ್ರೆಗಳು ಇನ್ನು ಒಂದೇ. ರಸ್ತೆಯ ಅಡಿಯಲ್ಲಿ ಕೊಳವೆ ಹಾಕಿ, ಕೇಬಲ್ ಎಳೆದು, ಎರಡು ಜಾಲವನ್ನೂ ಸೇರಿಸಬೇಕು. ಮುಖ್ಯಸ್ಥರು ಯಾರೆಂದು ಮುಂದೆ ತೀರ್ಮಾನವಾಗುತ್ತದೆ, ಅಲ್ಲಿಯವರೆಗೆ ಇಬ್ಬರೂ ಸಮಾನರು. ಕೊನೆಯಲ್ಲಿ ನಮ್ಮ ಮನೆಯ ಪಾಲಿಗೆ ಒಂದು ಸಾಲು: ಈ ಜೋಡಣೆ ಮಾಡಿದ ತಾಂತ್ರಿಕ ನೌಕರರನ್ನು, ಇಬ್ಬರು ಮುಖ್ಯಸ್ಥರೂ ಒಪ್ಪಿದಲ್ಲಿ, ನಿರ್ದೇಶಕರು ಖುದ್ದಾಗಿ ಬಂದು ಕೆಲಸ ನೋಡಿ ಖಾಯಂ ಮಾಡತಕ್ಕದ್ದು.

ಅಕ್ಕ ಅವತ್ತೇ ಹಲ್ಲಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದಳು. ಭಾವ ಮಾತ್ರ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಹೋಗಲಿಲ್ಲ.

“ಯಾಕ್ರೀ, ಸಂತೋಷವಾಗಿಲ್ವಾ?” ಎಂದಳು ಅಕ್ಕ.

“ಒಂದು ಇರೋದು ಒಂದೇ ಕಣೇ. ಕೇಬಲ್ ಸೇರಿಸಿದ ತಕ್ಷಣ ಇಬ್ಬರದೂ ಡಿಕ್ಕಿ ಹೊಡೆಯುತ್ತೆ. ಯಾರಿಗಾದ್ರೂ ಒಬ್ಬರಿಗೆ ಎರಡು ಅನ್ನಬೇಕು. ಯಾರಿಗೆ ಅಂದ್ರೂ ಅವರು ನನ್ನನ್ನ ಒಪ್ಪಲ್ಲ.”

ನಾನು ಅಲ್ಲಿಯೇ ತರಕಾರಿ ಹೆಚ್ಚುತ್ತಿದ್ದೆ. “ಅಲ್ಲ ಭಾವ, ಆ ನಂಬರು ಕಂಪ್ಯೂಟರಿನ ಒಳಗಡೆ ಅಲ್ವಾ ಇರೋದು? ಯಾರಿಗೆ ಕಾಣುತ್ತೆ? ಹೊರಗಡೆ ಇಬ್ಬರಿಗೂ ಒಂದು ಅಂತ ಚೀಟಿ ಅಂಟಿಸಿ. ಒಳಗೆ ನಿಮಗೆ ಬೇಕಾದ್ದು ಕೊಡಿ” ಎಂದೆ.

ಭಾವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನಾನೇನೋ ಬ್ಯಾಂಕಿಗೆ ಕನ್ನ ಹಾಕೋಣ ಬನ್ನಿ ಎಂದಿದ್ದೆನೇನೋ ಎಂಬಂತೆ. “ಒಳಗೊಂದು ಹೊರಗೊಂದು ಇಡೋಕೆ ನನ್ನಿಂದ ಆಗಲ್ಲಮ್ಮ. ಅದು ಮೋಸ. ನಾನು ಕೆಲಸಕ್ಕೆ ಮೋಸ ಮಾಡಿದವನಲ್ಲ” ಎಂದರು. ನನಗೆ ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ದೊಡ್ಡವರ ಮುಂದೆ ಹಲ್ಲು ಗಿಂಜಿದ ಮನುಷ್ಯನಿಗೆ ಒಂದು ಅಂಟುಚೀಟಿಯ ವಿಷಯದಲ್ಲಿ ಸತ್ಯಸಂಧತೆ ಉಕ್ಕಿ ಬಂದಿತ್ತು. ಮುಖಸ್ತುತಿಯನ್ನೂ ಪ್ರಾಮಾಣಿಕವಾಗಿ ಮಾಡುವವರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತು.

ಎರಡು ದಿನ ಮೆಟ್ಟಿಲ ಕೆಳಗೆ ಕೂತು ತಲೆ ಕೆರೆದುಕೊಂಡು ಅವರು ಕಂಡುಕೊಂಡ ಉಪಾಯ ಹೀಗಿತ್ತು. ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿರುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಅವರ ಸೇವೆ ಸ್ವಂತ ಕ್ಲಿನಿಕ್ಕಿನ ಜನರಿಗೆ ಮೀಸಲು. ಮೇಡಂ ಬೆಳಿಗ್ಗೆಯೆಲ್ಲ ಆಪರೇಷನ್ ಕೋಣೆಯಲ್ಲಿ, ಊಟವಾದ ಮೇಲೆ ತಮ್ಮ ಕೋಣೆಗೆ. ಹಾಗಾದರೆ ‘೧’ ಬೆಳಿಗ್ಗೆ ಅವರಿಗೆ, ಮಧ್ಯಾಹ್ನ ಇವರಿಗೆ. ಹನ್ನೆರಡೂವರೆಗೆ ಪಾಳಿ ಬದಲು.

ಕೇಳುವುದಕ್ಕೆ ಸಲೀಸು. ಆದರೆ ಎಲ್ಲ ತಂತಿಗಳೂ ಬಂದು ಸೇರುವ ದೊಡ್ಡ ಪೆಟ್ಟಿಗೆಯೊಂದಿದೆ. ಯಾವ ನಂಬರು ಯಾವ ಬಾಗಿಲಲ್ಲಿದೆ ಎಂದು ಅದು ನೆನಪಿಟ್ಟುಕೊಂಡಿರುತ್ತದೆ. ನಮ್ಮದು ಹಳೆಯ ಪೆಟ್ಟಿಗೆ, ಹಟಮಾರಿ. ಹನ್ನೆರಡೂವರೆಗೆ ನಂಬರು ರಸ್ತೆ ದಾಟಿದರೂ ಅದು ಒಂದನ್ನು ದೊಡ್ಡ ಡಾಕ್ಟರ ಬಾಗಿಲಲ್ಲೇ ಹುಡುಕುತ್ತಿತ್ತು. ಹಾಗಾಗಿ ದಿನಾ ಅದನ್ನು ಆರಿಸಿ, ಮರೆವು ಬರಿಸಿ, ಮತ್ತೆ ಹೊತ್ತಿಸಬೇಕು. ಆರಿಸಿದರೆ ಎರಡೂ ಆಸ್ಪತ್ರೆ ಒಟ್ಟಿಗೆ ನಿಲ್ಲುತ್ತವೆ. ನನ್ನ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ, ಸಾಲು ಬಾಗಿಲು ದಾಟಿ ಬಿಸಿಲಿಗೆ ಬೆಳೆಯುತ್ತದೆ, ಭಾವ ಬಗಲಲ್ಲಿ ಲ್ಯಾಪ್‌ಟಾಪು ಅವುಚಿಕೊಂಡು ಲಾರಿಗಳ ನಡುವೆ ರಸ್ತೆ ದಾಟಿ ಓಡುತ್ತಾರೆ. ತಿಂಗಳುಗಟ್ಟಲೆ ಪ್ರತಿದಿನ ಇದನ್ನು ನೋಡಿದೆ. ಏದುಸಿರು ಬಿಡುತ್ತ ವಾಪಸು ಬಂದು, “ಆಯ್ತು ನೋಡು, ಈಗ ಮೇಡಂ ಒಂದು” ಎಂದು ನನ್ನ ಕಿಟಕಿಯಲ್ಲಿ ಪಿಸುಗುಟ್ಟಿ ಹೋಗುತ್ತಿದ್ದರು, ನಾನು ಕಾದು ಕುಳಿತಿದ್ದವಳಂತೆ.

ಎರಡರಿಂದ ಕೆಳಗಿನವರನ್ನೆಲ್ಲ ಸೇವೆಗೆ ಸೇರಿದ ತಾರೀಖಿನ ಪ್ರಕಾರ ಹೆಣೆದರು. ಅದರಲ್ಲೇ ಮುಳುಗಿ, ಪ್ರಿಂಟರುಗಳಿಗೂ ಎರಡೂ ಕಡೆ ಒಂದೇ ನಂಬರುಗಳಿವೆ ಎಂಬುದು ಅವರ ತಲೆಗೇ ಹೊಳೆಯಲಿಲ್ಲ; ಪ್ರಿಂಟರಿಗೆ ಹಿರಿತನ ಇಲ್ಲವಲ್ಲ. ಮೊದಲ ವಾರವೇ ಎಪ್ಪತ್ತು ದಾಟಿದ ಅಜ್ಜನೊಬ್ಬನ ರಕ್ತದ ವರದಿ ರಸ್ತೆಯಾಚೆಯ ಹೆರಿಗೆ ವಾರ್ಡಿನಲ್ಲಿ ಅಚ್ಚಾಗಿ ಬಂತು. ಅಲ್ಲಿನ ನರ್ಸು ಫೋನು ಮಾಡಿ, “ಇವರಿಗೆ ಎಷ್ಟನೇ ತಿಂಗಳು?” ಎಂದು ಕೇಳಿದಳು. ನಾವೆಲ್ಲ ನಕ್ಕೆವು. ಬೆಳಿಗ್ಗೆಯಿಂದ ಹೊಟ್ಟೆಗಿಲ್ಲದೆ ಬೆಂಚಿನಲ್ಲಿ ಕಾದಿದ್ದ ಅಜ್ಜ ನಗಲಿಲ್ಲ. ಪ್ರಿಂಟರುಗಳನ್ನು ಭಾವ ಆಮೇಲೆ ಸರಿಮಾಡಿದರು, ಪಾಳಿಯನ್ನು ಮಾತ್ರ ಬಿಡಲಿಲ್ಲ.

ನಿರ್ದೇಶಕರು ಬರುವ ದಿನ ಗೊತ್ತಾಯಿತು. ಆ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಕ್ಕ ನನ್ನ ಕೈ ಹಿಡಿದು, “ಇವತ್ತೊಂದು ದಿನ ನಿನ್ನ ನಾಲಿಗೆ ಹಿಡಿತದಲ್ಲಿ ಇಟ್ಕೋ ಕಣೇ. ಇವತ್ತು ತಪ್ಪಿದ್ರೆ ಇನ್ನಿಲ್ಲ” ಎಂದಳು. ಅವಳ ಕಣ್ಣು ತುಂಬಿತ್ತು. ಡಾಕ್ಟರ ದಿನ ಮುಂದೂಡುತ್ತಲೇ ಬಂದಿದ್ದ ಹಲ್ಲಿನ ಕಡೆ ಕೆನ್ನೆಯೂ ತುಸು ಊದಿತ್ತು.

ಭಾವನ ಲೆಕ್ಕ ಎಲ್ಲಿ ತಪ್ಪಿತೆಂದರೆ, ನಿರ್ದೇಶಕರು ಬರುವ ದಿನ ಯಾವ ಮುಖ್ಯಸ್ಥರೂ ಕ್ಲಿನಿಕ್ಕಿಗೂ ಹೋಗುವುದಿಲ್ಲ, ಆಪರೇಷನ್ ಕೋಣೆಗೂ ಹೋಗುವುದಿಲ್ಲ. ಇಬ್ಬರೂ ಬೆಳಿಗ್ಗೆ ಬೇಗ ಬಂದು, ತಂತಮ್ಮ ಕಂಪ್ಯೂಟರು ತಾವೇ ಹಚ್ಚಿ, ಅದರ ಮೇಲಿನ ಧೂಳನ್ನೂ ಒರೆಸಿಟ್ಟಿದ್ದರು. ಹಿಂದಿನ ಸಂಜೆ ಮೇಡಂ ಕಡೆ ಉಳಿದಿದ್ದ ‘೧’ನ್ನು ಭಾವ ಬೆಳಿಗ್ಗೆ ಬಂದು ದೊಡ್ಡ ಡಾಕ್ಟರಿಗೆ ಕೊಟ್ಟಾಗಿತ್ತು. ಆಚೆಯದನ್ನು ಬದಲಿಸಲು ರಸ್ತೆ ದಾಟಬೇಕು ಎನ್ನುವಷ್ಟರಲ್ಲಿ ಗೇಟಿನಲ್ಲಿ ನಿರ್ದೇಶಕರ ಕಾರು ಬಂದು ನಿಂತಿತು. ದೊಡ್ಡ ಡಾಕ್ಟರು, “ಎಲ್ಲಿ ಹೊರಟ್ರಿ? ಬನ್ನಿ ಒಳಗೆ” ಎಂದು ಕರೆದರು. ಭಾವನಿಗೆ ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು.

ಸಭಾಂಗಣದಲ್ಲಿ ಗೋಡೆಯಗಲ ಪರದೆ ಇಳಿಬಿಟ್ಟಿದ್ದರು. ಕೀಲಿಮಣೆ ಒತ್ತಲು ನನ್ನನ್ನು ಕೂರಿಸಿದ್ದರು. ನಾನು ಒಬ್ಬ ರೋಗಿಯ ಹೆಸರು ತುಂಬಬೇಕು, ಅದು ಎರಡೂ ಮುಖ್ಯಸ್ಥರ ಕಂಪ್ಯೂಟರಿಗೆ ಹೋಗಬೇಕು, ಅವೆರಡೂ ಪರದೆಗಳು ಗೋಡೆಯ ಮೇಲೆ ಅಕ್ಕಪಕ್ಕ ಕಾಣಬೇಕು. ನಿರ್ದೇಶಕರು ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅವರ ಎಡಕ್ಕೆ ದೊಡ್ಡ ಡಾಕ್ಟರು, ಬಲಕ್ಕೆ ಮೇಡಂ. ಗೋಡೆಯ ಹತ್ತಿರ ಭಾವ, ಬಗ್ಗಿ.

ನಾನು ಹೆಸರು ತುಂಬಿ ಒತ್ತಿದೆ. ಗೋಡೆಯ ಮೇಲೆ ಎಡಗಡೆ ಒಂದು ಕ್ಷಣ ದೊಡ್ಡ ಡಾಕ್ಟರ ಪರದೆ ಬಂತು, ಮಾಯವಾಯಿತು, ಅದರ ಜಾಗದಲ್ಲಿ ಮೇಡಂ ಅವರದು ಬಂತು. ಆಮೇಲೆ ಎರಡೂ ಹೋದವು. ಅವುಗಳ ಜಾಗದಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ಒಂದು ಸಂದೇಶ ಮೂಡಿತು: ನಿಮ್ಮ ನಂಬರನ್ನು ಇನ್ನೊಬ್ಬರು ಬಳಸುತ್ತಿದ್ದಾರೆ.

“ಇನ್ನೊಬ್ಬರು ಅಂದ್ರೆ ಯಾರು?” ಎಂದರು ದೊಡ್ಡ ಡಾಕ್ಟರು.

“ಅದನ್ನ ನಾನೂ ಕೇಳ್ಬೇಕು ಅಂತಿದ್ದೆ” ಎಂದರು ಮೇಡಂ.

ನಿರ್ದೇಶಕರು ಕಾಲು ಮಡಿಸಿಕೊಂಡು ನೆಟ್ಟಗೆ ಕೂತರು. “ಏನ್ರೀ ಇದು? ಜಾಲ ಸೇರಿಸಿದೀರಿ ಅಂತ ಅಲ್ವಾ ನನ್ನನ್ನ ಕರೆಸಿದ್ದು?”

ಆಗ ಭಾವ ಬಾಯಿ ಬಿಟ್ಟರು. ಎಲ್ಲವನ್ನೂ ಹೇಳಿಬಿಟ್ಟರು: ಹಿರಿತನ, ನಂಬರು, ಪಾಳಿ, ಹನ್ನೆರಡೂವರೆ. ಮೋಸ ಮಾಡಿದವರಲ್ಲವಲ್ಲ, ಏನನ್ನೂ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಕೀಲಿಮಣೆ ನೋಡುತ್ತ ಕೂತೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಮುಗಿಯಿತು, ಇವತ್ತಿಗೆ ಇವರ ಕಥೆ ಮುಗಿಯಿತು ಎಂದುಕೊಂಡೆ.

“ಅಂದ್ರೆ ಈ ನಂಬರಿಗೂ ಹುದ್ದೆಗೂ ಸಂಬಂಧ ಇದೆಯಾ?” ಎಂದು ಕೇಳಿದರು ನಿರ್ದೇಶಕರು.

ಇಲ್ಲ ಎಂದು ಬಿಡಿ ಭಾವ, ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಒಂದೇ ಒಂದು ಸಲ ಇಲ್ಲ ಅನ್ನಿ. ಕೆಲಸ ಹೇಗೂ ಹೋಗುತ್ತದೆ, ತಲೆ ಎತ್ತಿಕೊಂಡಾದರೂ ಮನೆಗೆ ಹೋಗೋಣ. ದೊಡ್ಡ ಡಾಕ್ಟರು ಎಡಗಡೆಯಿಂದ, ಮೇಡಂ ಬಲಗಡೆಯಿಂದ ಅವರನ್ನೇ ದುರುಗುಟ್ಟಿ ನೋಡುತ್ತಿದ್ದರು.

“ಕಂಪ್ಯೂಟರಿಗೆ ಇಲ್ಲ ಸರ್” ಎಂದರು ಭಾವ. “ನಮ್ಮ ಆಸ್ಪತ್ರೆಗೆ ಇದೆ.”

ನಿರ್ದೇಶಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಈಗ ಗುಡುಗುತ್ತಾರೆ ಎಂದುಕೊಂಡೆ.

“ನಾನು ಇಲ್ಲಿಗೆ ಬಂದಾಗ, ನನ್ನ ಲ್ಯಾಪ್‌ಟಾಪಿಗೆ ಯಾವ ನಂಬರು ಕೊಡ್ತೀರಿ?” ಎಂದರು.

ಭಾವ ಗಳಿಗೆಯೂ ಯೋಚಿಸಲಿಲ್ಲ. “ಒಂದು ಸರ್.”

“ಒಂದಕ್ಕಿಂತ ಮೇಲೆ ಏನೂ ಇಲ್ವಾ? ಸೊನ್ನೆ?”

“ಸೊನ್ನೆ ಯಾರಿಗೂ ಕೊಡೋಕೆ ಬರಲ್ಲ ಸರ್. ಅದು ಇಡೀ ಜಾಲದ ಹೆಸರು.”

“ಬೇಡ ಬಿಡಿ. ಸೊನ್ನೆ ಅಂದ್ರೆ ಚೆನ್ನಾಗಿರಲ್ಲ” ಎಂದು ನಿರ್ದೇಶಕರು ನಕ್ಕರು. ಅವರು ನಕ್ಕದ್ದರಿಂದ ಎಲ್ಲರೂ ನಕ್ಕರು. ಮುಂದಿನದೆಲ್ಲ ಚಹಾ ಆರುವುದರೊಳಗೆ ಆಗಿಹೋಯಿತು. ಒಂದು ನಿರ್ದೇಶಕರದು. ಅವರು ಬರುವುದು ವರ್ಷಕ್ಕೆ ಒಂದೆರಡು ಸಲ, ಉಳಿದ ದಿನ ಅದು ಖಾಲಿ ಇರಬೇಕು. ಅವರಿಗಿಂತ ಕೆಳಗಿನದು ಎಂದರೆ ಯಾರಿಗೂ ಅವಮಾನವಿಲ್ಲ, ಆದ್ದರಿಂದ ದೊಡ್ಡ ಡಾಕ್ಟರೂ ಎರಡು, ಮೇಡಂ ಅವರೂ ಎರಡು. ಬೆಳಿಗ್ಗೆ ಅವರು, ಮಧ್ಯಾಹ್ನ ಇವರು. ಹನ್ನೆರಡೂವರೆಯ ಏರ್ಪಾಡು ಸೊಗಸಾಗಿದೆ, ಹಾಗೇ ಮುಂದುವರಿಯಲಿ. ಇದೆಲ್ಲವನ್ನೂ ಸಂಭಾಳಿಸುವ ಮನುಷ್ಯ ಕೈತಪ್ಪಿ ಹೋದರೆ ಕಷ್ಟ ಎಂಬುದರಲ್ಲಿ ಇಬ್ಬರು ಮುಖ್ಯಸ್ಥರಿಗೂ ಮೊತ್ತಮೊದಲ ಸಲ ಒಮ್ಮತ ಮೂಡಿತು. ನಿರ್ದೇಶಕರು ಅಲ್ಲಿಯೇ ಪೆನ್ನು ತೆಗೆದರು. ಹೊರಡುವಾಗ ಭಾವನ ಬೆನ್ನು ತಟ್ಟಿ, “ನಮ್ಮ ಕಚೇರಿಗೂ ಒಮ್ಮೆ ಬನ್ನಿ. ಅಲ್ಲಿ ಯಾರು ಎಷ್ಟು ಅನ್ನೋದಕ್ಕೆ ಒಂದು ಕ್ರಮಾನೇ ಇಲ್ಲ” ಎಂದರು.

ಸಾಯಂಕಾಲ ಅಕ್ಕ ಸುದ್ದಿ ಕೇಳಿ ಅತ್ತಳು, ನಕ್ಕಳು, ಕೆನ್ನೆ ಹಿಡಿದುಕೊಂಡು ಮತ್ತೆ ಅತ್ತಳು. ಅವಳ ಸಂತೋಷ ನೋಡಿ ನನಗೂ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಊಟಕ್ಕೆ ಕೂತಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಭಾವ, ಅಷ್ಟು ಜನರ ಮುಂದೆ ಕೇಳಿದರಲ್ಲ, ಸಂಬಂಧ ಇದೆಯಾ ಅಂತ. ಇಲ್ಲ ಅಂದುಬಿಟ್ಟಿದ್ರೆ ಇವತ್ತಿಗೆ ಆ ಹುಚ್ಚು ಮುಗಿದು ಹೋಗ್ತಿತ್ತು. ನಾಳೆಯಿಂದ ಜನ ಬಿಸಿಲಲ್ಲಿ ನಿಲ್ಲೋದು ತಪ್ಪುತ್ತಿತ್ತು. ಯಾಕೆ ಹೇಳಲಿಲ್ಲ?”

ಭಾವ ತಟ್ಟೆ ನೋಡುತ್ತಲೇ ಕೇಳಿದರು. “ನಮ್ಮ ಆಸ್ಪತ್ರೆ ಮುಂದೆ ನೀರಿನ ಪೈಪಿಗೆ ಅಂತ ರಸ್ತೆ ಅಗೆದಿದ್ರಲ್ಲ. ಮಗು ಇನ್ನೂ ಅಂಬೆಗಾಲು ಇಡ್ತಿತ್ತು. ನೆನಪಿದೆಯಾ?”

“ಇದೆ. ತಿಂಗಳುಗಟ್ಟಲೆ ಧೂಳು.”

“ಆಗ ಒಂದು ದಿನ ಅಗೆಯೋ ಯಂತ್ರಕ್ಕೆ ಸಿಕ್ಕಿ ನಮ್ಮ ಮುಖ್ಯ ಕೇಬಲ್ ತುಂಡಾಯ್ತು. ಹಾಡುಹಗಲು, ಹೊರಗಡೆ ರೋಗಿಗಳು ಕಿಕ್ಕಿರಿದಿದ್ರು. ನೀನು ಕೌಂಟರಿನಲ್ಲೇ ಇದ್ದೆ. ಗೊತ್ತಾಯ್ತಾ ನಿನಗೆ?”

“ಇಲ್ಲ.”

“ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಗೋಡೆ ಕಡೆಯಿಂದ ಇನ್ನೊಂದು ದಾರಿ ನಾನು ಮೊದಲೇ ಹಾಕಿಟ್ಟಿದ್ದೆ, ರಜದ ದಿನಗಳಲ್ಲಿ ಬಂದು, ಒಬ್ಬನೇ. ಒಂದು ತುಂಡಾದ್ರೆ ಇನ್ನೊಂದರಲ್ಲಿ ತಾನಾಗೇ ಹೋಗೋ ಹಾಗೆ. ನೀನು ಕೊಟ್ಟ ಚೀಟಿ ಒಂದೂ ನಿಲ್ಲಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಅಂದ್ರೆ ಅದೇ. ಮಾರನೇ ದಿನ ದೊಡ್ಡ ಡಾಕ್ಟರ ಹತ್ರ ಹೋಗಿ ಹೇಳಿದೆ, ಸರ್, ನಿನ್ನೆ ಹೀಗೀಗಾಯ್ತು, ನನ್ನದು ಖಾಯಂ ಮಾಡಿಕೊಡಿ ಅಂತ. ಅವರು ಏನಂದ್ರು ಗೊತ್ತಾ?”

ಅಕ್ಕ ಬಡಿಸುತ್ತಿದ್ದವಳು ನಿಂತಳು. ಅವಳಿಗೂ ಇದು ಹೊಸ ಸುದ್ದಿ.

“‘ನೀವು ಯಾರು?’ ಅಂದ್ರು” ಎಂದರು ಭಾವ. ಅಷ್ಟು ಹೇಳಿ ಉಣ್ಣತೊಡಗಿದರು.

ನನಗೆ ಅವರ ಮೇಲೆ ಕೋಪ ಇನ್ನೂ ಇತ್ತು. ಅದಕ್ಕೆ ಆ ಸಾಲಿನಲ್ಲಿ ನಿಂತವರು ಏನು ತಪ್ಪು ಮಾಡಿದ್ದರು ಎಂದು ಕೇಳಬೇಕೆನಿಸಿತು. ಆದರೆ ಅವತ್ತು ಕೇಬಲ್ ತುಂಡಾದಾಗ ನನ್ನ ಮುಂದಿನ ಸಾಲು ಚಕಚಕನೆ ಕರಗುತ್ತಿದ್ದಿರಬೇಕು, ನಾನು ತಲೆಯನ್ನೂ ಎತ್ತಿರಲಾರೆ.

ಮಾರನೆಯ ದಿನ ಹನ್ನೆರಡೂವರೆಗೆ ನನ್ನ ಪರದೆ ನಿಂತಿತು. ಕಿಟಕಿಯ ಗಾಜಿನಾಚೆ ಭಾವ ಬಗಲಲ್ಲಿ ಲ್ಯಾಪ್‌ಟಾಪು ಅವುಚಿಕೊಂಡು ರಸ್ತೆಯ ಕಡೆ ಓಡುವುದು ಕಾಣಿಸಿತು. ಸಾಲಿನ ಮುಂದೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬಳು, ಸೊಂಟದ ಮೇಲೆ ಮಗು.

“ಏನಮ್ಮ, ಮತ್ತೆ ನಿಂತುಹೋಯ್ತಾ?” ಎಂದಳು. “ದಿನಾ ಇದೇ ಗೋಳಾಯ್ತು. ನಿಮ್ಮಲ್ಲಿ ಇದನ್ನೆಲ್ಲ ನೋಡ್ಕೊಳ್ಳೋರು ಯಾರೂ ಇಲ್ವಾ?”

“ಇದ್ದಾರೆ” ಎಂದೆ. “ನಿನ್ನೆ ತಾನೇ ಖಾಯಂ ಆದರು.”